ಮೇಲಿನ ಮಂಚದ ಗೂ ಲಾನ್

ಮಾರ್ಚ್ 23, ಗುರುವಾರ. ತಿಂಡಿಗೆ ಮುಂಚೆ

ಇಂಗ್ಲಿಷ್ ರೀಡಿಂಗಿನ ಎರಡು ಪ್ಯಾಸೇಜ್ ಆಯಿತು. ಮೊದಲನೆಯದರಲ್ಲಿ ಐದಕ್ಕೆ ಎರಡು ಸರಿ, ಎರಡನೆಯದರಲ್ಲಿ ಮೂರು. ಬೆರಳು ಮರಗಟ್ಟಿವೆ. ಮೆಟ್ಟಿಲ ತಿರುವಿನ ಕಿಟಕಿಗೆ ಗಾಜಿಲ್ಲ, ರಟ್ಟು ಹೊಡೆದಿದ್ದಾರೆ. ಆದರೂ ಇಲ್ಲೇ ಕೂರಬೇಕು. ಗಟ್ಟಿಯಾಗಿ ಓದಿದರೆ ಯಾರೂ ಬೈಯದ ಜಾಗ ಇದೊಂದೇ.

ಜೇನುಹುಳದ ಪ್ಯಾಸೇಜ್. ಸಾಕುವವನು ಪೆಟ್ಟಿಗೆಗಳನ್ನು ಬೇರೆ ಕಡೆ ಇಟ್ಟದ್ದೇಕೆ? ಚಳಿಗೆ ಎಂದು ಗುರುತು ಹಾಕಿದೆ. ತಪ್ಪು.

"ಚಳಿ ಅಂತ ಎಲ್ಲಿದೆ, ತೋರ್ಸು," ಎಂದಳು ಗೂ ಲಾನ್.

"ಇಲ್ಲ. ಆದ್ರೆ ನಮ್ಮ ತಾತ ಚಳಿಗೇ ಎತ್ತಿಡ್ತಿದ್ರು."

"ಪರೀಕ್ಷೆ ಬರೀತಿರೋದು ನಿಮ್ಮ ತಾತಾನಾ? ಚಿಯು, ಪ್ಯಾಸೇಜ್‌ನಲ್ಲಿ ಇಲ್ದೇ ಇರೋದನ್ನ ಮನೆಯಿಂದ ಹೊತ್ಕೊಂಡ್ ಬರ್ಬೇಡ."

ಅವಳಿಗೆ ಇಪ್ಪತ್ತಕ್ಕೆ ಹತ್ತೊಂಬತ್ತು ಬರುತ್ತದೆ. ಒಂದು ತಪ್ಪಾದರೆ ಮಧ್ಯಾಹ್ನದ ತನಕ ಮುಖ ಊದಿಸಿಕೊಂಡಿರುತ್ತಾಳೆ. ಬೆಳಿಗ್ಗೆ ಅವಳು ನನಗೆ ಇಂಗ್ಲಿಷ್, ಊಟವಾದ ಮೇಲೆ ನಾನು ಅವಳಿಗೆ ಮ್ಯಾನೇಜ್‌ಮೆಂಟ್. ಒಪ್ಪಂದ. ಅವಳದು ಮೇಲಿನ ಮಂಚ, ನನ್ನದು ಕೆಳಗಿನದು.

ಈ ಕೋಚಿಂಗ್ ಹಾಸ್ಟೆಲ್ಲಿನ ಶಾವ್ ಮೇಡಂ ನಿನ್ನೆಯೂ ಬೋರ್ಡಿನ ಮೇಲೆ ಅದನ್ನೇ ಬರೆದರು — ಜೀವನದಲ್ಲಿ ಒಂದೇ ಸಲ. ಗೊತ್ತು. ಮೂರು ವರ್ಷದ ಕಾಲೇಜಿನವರಿಗೆ ಡಿಗ್ರಿಯ ಬಾಗಿಲು ಏಪ್ರಿಲ್ ಹದಿನೈದರ ಈ ಪರೀಕ್ಷೆಯೊಂದೇ. ಕೊನೆಯ ವರ್ಷದಲ್ಲಿ ಒಮ್ಮೆ ತೆರೆಯುತ್ತದೆ, ಆಮೇಲೆ ಇಲ್ಲ. ನಾನು ಒಳಗೆ ಹೋಗದಿದ್ದರೆ ಅಣ್ಣನ ಪಾರ್ಸಲ್ ಗೋದಾಮು ಕಾದಿದೆ. ಅಣ್ಣ ಈಗಲೇ ನನ್ನ ಅಳತೆಯ ಗ್ಲೌಸ್ ತಂದಿಟ್ಟಿದ್ದಾನಂತೆ. ತಮಾಷೆಗಂತೆ.

ಗಂಜಿಯ ಬೆಲ್ ಹೊಡೆಯಿತು.

ಮಾರ್ಚ್ 26, ಭಾನುವಾರ

ಫೋನ್ ದಿನ. ಮೇಡಂ ಬೀರು ತೆಗೆದು, ಒಳಗೆ ಬೀಗ ಹಾಕಿಟ್ಟಿದ್ದ ನಮ್ಮ ಫೋನುಗಳನ್ನು ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟರು. ಅರ್ಧ ಗಂಟೆ. ಅಂಗಳದ ತುಂಬ ಹುಡುಗಿಯರು ಗೋಡೆಗೆ ಮುಖ ಮಾಡಿ ಮಾತಾಡುತ್ತ ನಿಂತಿದ್ದರು.

ಗೂ ಲಾನ್‌ಳ ಅಪ್ಪ ಸಿಗಲಿಲ್ಲ. ಸಾಮಾನು ತಲುಪಿಸಲು ಗ್ವಾಂಗ್‌ಝೌಗೆ ಹೋಗಿದ್ದಾರೆಂದು ಅವಳ ಅಮ್ಮ ಹೇಳಿದರಂತೆ. ಅವರದು ಚ್ವೆಶಾನ್. ಆ ಊರಿನಲ್ಲಿ ಮನೆಮನೆಯಲ್ಲೂ ಪಿಟೀಲು ಮಾಡುತ್ತಾರೆ. ಅವಳ ಅಪ್ಪ ಪಿಟೀಲಿನ ತಲೆಯ ಸುರುಳಿ ಕೆತ್ತುತ್ತಾರೆ, ಅಷ್ಟೇ ಕೆಲಸ. ಮಿಕ್ಕ ಭಾಗ ಬೇರೆಯವರದು.

"ಊರು ಬಿಟ್ಟು ಕದಲದ ಮನುಷ್ಯ, ಗ್ವಾಂಗ್‌ಝೌಗೆ ಹೋದ್ರಂತೆ," ಎಂದು ನಕ್ಕಳು. "ವಾಪಸ್ ಬರೋವಾಗ ದಾರಿ ತಪ್ತಾರೆ ನೋಡು."

ಮಾರ್ಚ್ 28, ಮಂಗಳವಾರ. ಕಕ್ಕಸಿನಲ್ಲಿ ಕೂತು ಬರೆಯುತ್ತಿದ್ದೇನೆ

ಉತ್ತರಪತ್ರಿಕೆ ಒಯ್ಯಲು ಆಫೀಸಿಗೆ ಹೋದೆ. ಮೇಡಂ ಬಾಗಿಲು ಹಾಕು ಎಂದರು. ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ಗೂ ಲಾನ್‌ಳ ಅಮ್ಮ.

"ಚಿಯು ಅಲ್ವಾ ಮಗಳೇ? ಅವಳ ಕೆಳಗಿನ ಮಂಚದವಳು?"

"ಹೌದು ಚಿಕ್ಕಮ್ಮ."

ಶನಿವಾರ ಕೆತ್ತುತ್ತಾ ಕೆತ್ತುತ್ತಾ ಬೆಂಚಿನ ಮೇಲೇ ಕುಸಿದರಂತೆ. ತಲೆಯೊಳಗೆ ರಕ್ತ. ಝುಮಾದಿಯಾನ್‌ನ ದೊಡ್ಡ ಆಸ್ಪತ್ರೆಯಲ್ಲಿ ಆಪರೇಶನ್ ಆಗಿದೆ. ಎಚ್ಚರ ಬಂದಿಲ್ಲ. ಗ್ವಾಂಗ್‌ಝೌ ಎಂಬುದು ಸುಳ್ಳು.

"ಅವಳಿಗೆ ಗೊತ್ತಾಗ್ಬಾರ್ದು. ಗೊತ್ತಾದ್ರೆ ಆ ಕ್ಷಣ ಹೊರಟ್ಬಿಡ್ತಾಳೆ. ಅವರೇ ಹೇಳಿದ್ರು ಮಗಳೇ, ಹೊಸ ವರ್ಷಕ್ಕೆ ಮನೇಲಿ ಎಲ್ಲರ ಎದುರಿಗೇ. ಪರೀಕ್ಷೆ ಮುಗಿಯೋವರೆಗೂ ನಾನ್ ಸತ್ರೂ ಅವಳನ್ನ ಕರೀಬೇಡಿ ಅಂತ. ಕುಡಿದ್ಕೊಂಡು ಹೇಳಿದ್ದು. ಆದ್ರೂ ಹೇಳಿದ್ದಲ್ವಾ."

ಮೇಡಂ ಫೋನ್ ತೆಗೆದುಕೊಂಡರು. "ಅವಳು ಏನಾದ್ರೂ ಕೇಳಿದ್ರೆ ನೀನು ಸಂಭಾಳಿಸ್ಬೇಕು. ಅವಳು ನಿನ್ನ ಮಾತು ನಂಬ್ತಾಳೆ," ಎಂದರು.

ತಲೆಯಾಡಿಸಿದೆ.

ಆಗ ಮೊದಲು ಮನಸ್ಸಿಗೆ ಬಂದದ್ದನ್ನು ಇಲ್ಲಿಯಾದರೂ ಬರೆಯಬೇಕು. ಅವಳು ಹೋಗಿಬಿಟ್ಟರೆ ನನಗೆ ರೀಡಿಂಗ್ ಹೇಳಿಕೊಡುವವರು ಯಾರು? ಅವಳ ಅಪ್ಪನ ನೆನಪು ಆಮೇಲೆ ಬಂತು.

ಮಾರ್ಚ್ 29

ಐದಕ್ಕೆ ಒಂದು. "ನಿದ್ದೆ ಮಾಡ್ಲಿಲ್ವಾ?" ಎಂದು ಕೇಳಿದಳು. ಹೊಟ್ಟೆನೋವು ಎಂದೆ. ಬಿಸಿನೀರಿನ ಬಾಟಲಿ ತಂದು ಹೊಟ್ಟೆಯ ಮೇಲೆ ಇಟ್ಟಳು.

ಏಪ್ರಿಲ್ 2, ಭಾನುವಾರ

ಮತ್ತೆ ಫೋನ್ ದಿನ.

ಅಪ್ಪನಿಗೆ ಗಂಟಲು ಬಾವು, ಮಾತಾಡಬಾರದೆಂದು ಡಾಕ್ಟರ್ ಹೇಳಿದ್ದಾರೆ. ಇದು ಈ ವಾರದ ಕಥೆ. ಜೊತೆಗೆ ಅಮ್ಮ ಒಂದು ಫೋಟೋ ಕಳಿಸಿದ್ದಾರೆ. ಅಪ್ಪ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತಿದ್ದಾರೆ. ಅದನ್ನು ನನ್ನ ಮುಖಕ್ಕೆ ಹಿಡಿದಳು.

"ಹತ್ತಿ ಕೋಟು ಹಾಕಿದಾರೆ ನೋಡು. ಏಪ್ರಿಲ್‌ನಲ್ಲಿ."

"ಗಂಟಲು ಕೆಟ್ಟಿದೆ ಅಂದ್ರಲ್ಲ. ಬೆಚ್ಚಗಿರ್ಲಿ ಅಂತ ಹಾಕಿರ್ತಾರೆ."

ಎಷ್ಟು ಸಲೀಸಾಗಿ ಬಂತು ಬಾಯಿಂದ. ಇದುವರೆಗೆ ಸುಮ್ಮನಿದ್ದೆ, ಅಷ್ಟೇ. ಇವತ್ತು ನನ್ನ ಸ್ವಂತದ್ದೊಂದು ಸುಳ್ಳು ಹೇಳಿದೆ. ಅವಳು ಇನ್ನೂ ಸ್ವಲ್ಪ ಹೊತ್ತು ಫೋಟೋ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದಳು. ಹೊಸ ವರ್ಷಕ್ಕೆಂದು ಬಾಗಿಲ ಮೇಲೆ ಅಂಟಿಸುವ ಕೆಂಪು ಕಾಗದ ಇನ್ನೂ ಬಣ್ಣ ಮಾಸದೆ ಹೊಸದಾಗಿ ಕಾಣುತ್ತಿತ್ತು. ನನಗೂ ಕಂಡಿತು. ಅವಳು ಅದರ ಬಗ್ಗೆ ಮಾತೆತ್ತಲಿಲ್ಲ. ಫೋನ್ ಮೇಡಂ ಕೈಗೆ ಕೊಟ್ಟು ಕ್ಲಾಸಿಗೆ ಹೋದಳು.

ಏಪ್ರಿಲ್ 5. ಹಿರಿಯರ ಗೋರಿ ಗುಡಿಸುವ ಹಬ್ಬ

ಇಡೀ ದೇಶಕ್ಕೆ ರಜೆ. ನಮಗಿಲ್ಲ. ಮೆಸ್ಸಿನಲ್ಲಿ ತಲೆಗೊಂದು ಬೇಯಿಸಿದ ಮೊಟ್ಟೆ ಕೊಟ್ಟರು. ಅದೇ ಹಬ್ಬ. ಪಕ್ಕದ ಮಂಚದ ಥಾವ್ ನಿ ಮೊಟ್ಟೆಗೆ ಪೆನ್ನಿನಲ್ಲಿ ಕಣ್ಣು ಮೂಗು ಬರೆದು, "ಇದು ನಮ್ಮ ಶಾವ್ ಮೇಡಂ," ಎಂದು ಹಣೆಗೇ ಚಮಚದಿಂದ ಹೊಡೆದಳು. ಎಲ್ಲರೂ ನಕ್ಕರು. ಗೂ ಲಾನ್ ನಗಲಿಲ್ಲ.

ಒಂದೇ ಒಂದು ಫೋನ್ ಮಾಡಬೇಕು, ಅಪ್ಪ ತಾತನ ಗೋರಿಗೆ ಹೋದರೋ ಇಲ್ಲವೋ ತಿಳಿಯಬೇಕು ಎಂದು ಆಫೀಸಿಗೆ ಹೋದಳು. ಮೇಡಂ ಬಿಡಲಿಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ ಎಂದರಂತೆ.

ಮಧ್ಯಾಹ್ನ ಮ್ಯಾನೇಜ್‌ಮೆಂಟ್ ಹೇಳಿಕೊಡುವಾಗ ಪುಸ್ತಕ ಮುಚ್ಚಿದಳು.

"ಚಿಯು, ನನ್ನ ಮುಖ ನೋಡು."

ನೋಡಿದೆ.

"ಹೋದ ವಾರದಿಂದ ನೀನು ನನ್ನ ಕಿವಿ ನೋಡ್ಕೊಂಡು ಮಾತಾಡ್ತಿದೀಯ. ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲಪ್ಪ. ಟೆನ್ಶನ್."

"ಟೆನ್ಶನ್ ನನಗೂ ಇದೆ. ನಾನು ನಿನ್ನ ಕಿವಿ ನೋಡ್ತಿಲ್ಲ."

ಏಪ್ರಿಲ್ 7. ಮಾಕ್ ಟೆಸ್ಟ್ ಆದ ಮೇಲೆ

ರೀಡಿಂಗ್: ನನಗೆ ಹದಿನಾರು, ಅವಳಿಗೆ ಹನ್ನೊಂದು.

ಇಡೀ ಕ್ಲಾಸು ತಿರುಗಿ ನೋಡಿತು. "ಏನ್ರೇ, ಗುರು ಶಿಷ್ಯೆ ಜಾಗ ಬದಲಾಯ್ಸಿದ್ರಾ?" ಎಂದಳು ಥಾವ್ ನಿ. ಗೂ ಲಾನ್ ತನ್ನ ಪೇಪರನ್ನು ಮಡಿಸಿ ಮಡಿಸಿ ಬೆಂಕಿಪೆಟ್ಟಿಗೆಯಷ್ಟು ಮಾಡಿ ಜೇಬಿಗೆ ಹಾಕಿಕೊಂಡಳು. ನನಗೆ, "ಚೆನ್ನಾಗ್ ಬರ್ದಿದೀಯ," ಎಂದಳು. ಹೊಟ್ಟೆಕಿಚ್ಚು ಇರಲಿಲ್ಲ ಆ ಮಾತಿನಲ್ಲಿ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೇಳದೆ ಇರುವುದು ಅವಳ ಪರೀಕ್ಷೆಗಾಗಿ ಅಲ್ಲವೇ? ಮತ್ತೆ ಈ ಹನ್ನೊಂದು?

ಏಪ್ರಿಲ್ 9, ಭಾನುವಾರ

ಫೋನ್ ಕೊಡಲಿಲ್ಲ. ಪರೀಕ್ಷೆ ಹತ್ತಿರ, ಮನಸ್ಸು ಚಂಚಲವಾಗುತ್ತದೆ, ಈ ವಾರ ಯಾರಿಗೂ ಇಲ್ಲ ಎಂದರು ಮೇಡಂ. ಹುಡುಗಿಯರು ಗೊಣಗಿದರು. ಒಬ್ಬಳಿಗಾಗಿ ಎಲ್ಲರಿಗೂ ನಿಲ್ಲಿಸಿದ್ದಾರೆ ಎಂಬುದು ನನಗೆ ಮಾತ್ರ ಗೊತ್ತು.

ಸಂಜೆ ಆಫೀಸಿಗೆ ಕರೆದರು. ಅವಳ ಅಮ್ಮ ಫೋನಿನಲ್ಲಿದ್ದರು. ದನಿ ಹೋಗಿತ್ತು.

"ಅವಳು ಊಟ ಮಾಡ್ತಿದಾಳಾ?"

"ಮಾಡ್ತಿದಾಳೆ ಚಿಕ್ಕಮ್ಮ. ಅವರು... ಹೇಗಿದಾರೆ?"

"ಮನೆಗೆ ಕರ್ಕೊಂಡ್ ಹೋಗೋದು ಒಳ್ಳೇದು ಅಂತಿದಾರೆ ಡಾಕ್ಟ್ರು. ನಾನೇ ಬೇಡ ಅಂದೆ. ಹದಿನೈದರವರೆಗೂ ಎಳೀರಿ ಅಂದೆ. ಎಳೆಯೋದು ಅಂತೆ... ಎತ್ತಿನ ಗಾಡಿ ಥರ."

"ಅಷ್ಟರೊಳಗೆ ಏನಾದ್ರೂ ಆದ್ರೆ?"

"ಪರೀಕ್ಷೆ ಮುಗಿಸ್ಕೊಂಡ್ ಬರ್ಲಿ," ಎಂದರು.

ಕೋಣೆಗೆ ಬಂದೆ. ಅವಳು ಮೇಲಿನ ಮಂಚದಿಂದ ಕಾಲು ಇಳಿಬಿಟ್ಟುಕೊಂಡು ಶಬ್ದಗಳನ್ನು ಉರು ಹೊಡೆಯುತ್ತಿದ್ದಳು. ಅವಳ ಕಾಲ್ಚೀಲದ ಹಿಮ್ಮಡಿಯಲ್ಲಿ ತೂತಿತ್ತು. ಅದನ್ನೇ ನೋಡುತ್ತ ಕೂತೆ.

ಏಪ್ರಿಲ್ 10, ಸೋಮವಾರ

ಹೇಳಿಬಿಟ್ಟೆ.

ಊಟದ ಬಿಡುವಿನಲ್ಲಿ ತಾರಸಿಯಲ್ಲಿ ಬಟ್ಟೆ ಹಿಂಡುತ್ತಿದ್ದೆವು. ಹಾಸಿಗೆಯ ಹೊದಿಕೆ, ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಅವಳು ಬಲಕ್ಕೆ ತಿರುಚಬೇಕು, ನಾನು ಎಡಕ್ಕೆ. ಹಾಗೆ ತಿರುಚುತ್ತಿರುವಾಗಲೇ ಹೇಳಿದೆ. ನಿಮ್ಮಪ್ಪನಿಗೆ ಗಂಟಲು ಬಾವಲ್ಲ. ತಲೆಯೊಳಗೆ ರಕ್ತಸ್ರಾವ. ಎಚ್ಚರವಿಲ್ಲ. ಆಸ್ಪತ್ರೆಯಲ್ಲಿದ್ದಾರೆ. ಹೆಚ್ಚು ದಿನ ಇಲ್ಲ.

ಅವಳು ತಿರುಚುವುದನ್ನು ನಿಲ್ಲಿಸಲಿಲ್ಲ. ನೀರು ಪೂರ್ತಿ ಇಳಿಯುವವರೆಗೂ ಹಿಂಡಿದಳು. ಹೊದಿಕೆಯನ್ನು ತಂತಿಯ ಮೇಲೆ ಹಾಕಿ ಅಂಚು ಸರಿ ಮಾಡಿದಳು.

"ಯಾವತ್ತಿಂದ ಗೊತ್ತು ನಿನಗೆ?"

"ಹೋದ ತಿಂಗಳು ಇಪ್ಪತ್ತೆಂಟು."

"ಇಷ್ಟು ದಿನ ಹೊಟ್ಟೇಲಿ ಇಟ್ಕೊಂಡವಳಿಗೆ ಇನ್ನು ನಾಲ್ಕೈದು ದಿನ ಆಗ್ಲಿಲ್ವಾ?"

ನಾನು ಏನು ನಿರೀಕ್ಷಿಸಿದ್ದೆನೋ. ಅಳುತ್ತಾಳೆ, ಓಡುತ್ತಾಳೆ, ತಬ್ಬಿಕೊಳ್ಳುತ್ತಾಳೆ... ಇದಂತೂ ಅಲ್ಲ.

"ನಿನಗೆ ತಿಳಿದಿರ್ಬೇಕು ಅನ್ನಿಸ್ತು," ಎಂದೆ.

"ಹೋದ್ರೆ ಅಮ್ಮನ ಮಾತು ಮುರೀತೀನಿ, ಅಪ್ಪನ ಮಾತು ಮುರೀತೀನಿ. ಹೋಗ್ದಿದ್ರೆ ಸಾಯೋವರೆಗೂ ನನ್ನ ಮುಖ ನಾನೇ ನೋಡ್ಕೊಳೋಕಾಗಲ್ಲ. ಇದಾಗಿದ್ದು ನನಗೆ. ನೀನು ಹಗುರಾದೆ, ಅಷ್ಟೇ."

ಬಕೆಟ್ ತೆಗೆದುಕೊಂಡು ಕೆಳಗೆ ಇಳಿದಳು.

ಮಧ್ಯಾಹ್ನದ ಕ್ಲಾಸಿನಲ್ಲಿ ಎಂದಿನ ಜಾಗದಲ್ಲೇ ಕೂತಿದ್ದಳು. ನೋಟ್ಸ್ ಬರೆದಳು. ಪ್ರಶ್ನೆಗೆ ಉತ್ತರವನ್ನೂ ಹೇಳಿದಳು.

ಏಪ್ರಿಲ್ 11, ಮಂಗಳವಾರ

ಬೆಳಿಗ್ಗೆ ಮೆಟ್ಟಿಲಿಗೆ ಅವಳು ಬರಲಿಲ್ಲ. ಒಬ್ಬಳೇ ಕೂತೆ. ಪುಟ ತೆರೆದದ್ದು ಅಷ್ಟೇ.

ಊಟವಾದ ಮೇಲೆ ಬಂದಳು. ಪಕ್ಕದಲ್ಲಿ ಕೂರಲಿಲ್ಲ, ಎರಡು ಮೆಟ್ಟಿಲು ಕೆಳಗೆ ಕೂತು ಪುಸ್ತಕವನ್ನು ಹಿಂದಕ್ಕೆ ಚಾಚಿದಳು.

"ನೀನು ಓದು. ನನಗೆ ಅಕ್ಷರ ಕಾಣುತ್ತೆ, ಒಳಗೆ ಹೋಗ್ತಿಲ್ಲ."

ಓದಿದೆ. ಒಂದು ಊರಿನ ಹಳೆಯ ಸೇತುವೆ, ಅದನ್ನು ಒಡೆಯಬೇಕೋ ಬೇಡವೋ ಎಂದು ಜನ ಜಗಳ. ನನ್ನ ಉಚ್ಚಾರಣೆಯನ್ನು ಎಂದೂ ಬಿಡದವಳು ಇವತ್ತು ಒಂದು ಸಲವೂ ತಿದ್ದಲಿಲ್ಲ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಐದೂ ಪ್ರಶ್ನೆ ಓದಿದೆ.

"ಲಾನ್?"

"ಅಪ್ಪನಿಗೆ ಅಂಗಾಲು ಮುಟ್ಟಿದ್ರೆ ಆಗಲ್ಲ. ಕಚಗುಳಿ. ಡಾಕ್ಟ್ರು ಎಚ್ಚರ ಇದೆಯಾ ಇಲ್ವಾ ಅಂತ ಅಂಗಾಲು ಕೆರೆದು ನೋಡ್ತಾರಂತಲ್ಲ? ಎಲ್ಲೋ ಓದಿದ್ದೆ." ಪುಸ್ತಕ ವಾಪಸ್ ತೆಗೆದುಕೊಂಡು, "ಅಷ್ಟಕ್ಕೂ ಏಳ್ಲಿಲ್ಲ ಅಂದ್ರೆ..." ಎಂದಳು.

ಆಮೇಲೆ ಅತ್ತಳು. ಅವಳು ಅಳುವ ಸದ್ದು ನನಗೆ ಗೊತ್ತಿರಲಿಲ್ಲ. ಒಂದೇ ಕೋಣೆಯಲ್ಲಿ ಇಷ್ಟು ದಿನ ಇದ್ದೂ.

ನಾನು ಎದ್ದು ಸೀದಾ ಆಫೀಸಿಗೆ ಹೋದೆ. "ಅವಳಿಗೆ ಗೊತ್ತು ಮೇಡಂ. ನಾನೇ ಹೇಳಿದೆ. ಅವಳನ್ನ ಕಳಿಸ್ಕೊಡಿ."

ಶಾವ್ ಮೇಡಂ ಪೆನ್ನು ಕೆಳಗಿಟ್ಟರು. "ನಿನ್ನ ಯಾರು ಕೇಳಿದ್ರು?"

"ಯಾರೂ ಕೇಳ್ಲಿಲ್ಲ."

"ಅವಳಮ್ಮನಿಗೆ ಈಗ ನೀನು ಫೋನ್ ಮಾಡಿ ಹೇಳ್ತೀಯಾ? ನಾನು ಹೇಳ್ಬೇಕಾ? ಇಷ್ಟು ವರ್ಷ ಓದ್ಸಿದ್ದು, ಎಲ್ಲ... ಏನೋ ದೊಡ್ಡ ಧರ್ಮ ಮಾಡ್ದೆ ಅನ್ಕೊಂಡಿದೀಯಲ್ಲ ನೀನು?"

ನಿಂತೇ ಇದ್ದೆ. ಹೊರಗೆ ಕಳಿಸಿಬಿಡುತ್ತಾರೆ ಎಂದುಕೊಂಡೆ. ಅವರು ಎದ್ದು ಬೀರುವಿನ ಹತ್ತಿರ ಹೋದರು, ಬೀಗ ತೆಗೆಯಲಿಲ್ಲ, ಅದಕ್ಕೆ ಒರಗಿಕೊಂಡು ನಿಂತರು.

"ಈ ಕೆಲಸದಲ್ಲಿ ನಾನು ಮೂರು ಸಲ ಹೀಗೆ ಮುಚ್ಚಿಟ್ಟಿದೀನಿ. ಒಬ್ಬನ ಅಜ್ಜಿ, ಇಬ್ರ ತಂದೆ. ಮೂರೂ ಮಕ್ಳು ಪಾಸಾದ್ರು. ಒಬ್ರೂ ಆಮೇಲೆ ನನಗೆ ಫೋನ್ ಮಾಡ್ಲಿಲ್ಲ."

ಬೆಳಿಗ್ಗೆ ಕಳಿಸುತ್ತೇನೆ ಎಂದರು.

ಏಪ್ರಿಲ್ 12, ಬುಧವಾರ

ಹೋದಳು. ಮೇಡಂ ತಾವೇ ಗೇಟಿನವರೆಗೆ ಬಂದರು. ಫೋನ್, ಗುರುತಿನ ಚೀಟಿ, ಹಾಲ್ ಟಿಕೆಟ್ ಒಂದೊಂದಾಗಿ ಅವಳ ಕೈಯಲ್ಲಿಟ್ಟು, "ಹಾಲ್ ಟಿಕೆಟ್ ಒಳಜೇಬಲ್ಲಿ ಇಟ್ಕೋ. ಹದಿನೈದಕ್ಕೆ ಬರೋದು ಬಿಡೋದು ನಿನ್ನಿಷ್ಟ. ಆದ್ರೆ ಕಳ್ಕೊಬೇಡ," ಎಂದರು.

ಗೂ ಲಾನ್ ನನ್ನ ಕಡೆ ನೋಡಿ ತಲೆಯಾಡಿಸಿದಳು. ಅದು ಹೋಗಿಬರುತ್ತೇನೆ ಎಂದೋ, ಇರಲಿ ಬಿಡು ಎಂದೋ ತಿಳಿಯಲಿಲ್ಲ.

ಏಪ್ರಿಲ್ 13

ಸುದ್ದಿ ಇಲ್ಲ. ಮೇಲಿನ ಮಂಚ ಅಲುಗಾಡುವುದಿಲ್ಲ. ಇಪ್ಪತ್ತಕ್ಕೆ ಹದಿಮೂರು. ಥಾವ್ ನಿ ಕೂಡ ತಮಾಷೆ ಮಾಡುತ್ತಿಲ್ಲ.

ಏಪ್ರಿಲ್ 14, ಶುಕ್ರವಾರ. ಸಂಜೆ, ಹೋಟೆಲು

ಬಸ್ಸಿನಲ್ಲಿ ನಮ್ಮನ್ನು ಪರೀಕ್ಷೆಯ ಕಾಲೇಜಿನ ಪಕ್ಕದ ಹೋಟೆಲಿಗೆ ತಂದಿಳಿಸಿದರು. ಕೋಣೆಗೆ ಮೂವರು. ಎಲ್ಲರ ಫೋನೂ ವಾಪಸ್ ಕೊಟ್ಟರು.

ಗೂ ಲಾನ್‌ಳ ವಾಯ್ಸ್ ಮೆಸೇಜ್ ಇತ್ತು. ಸ್ನಾನದ ಕೋಣೆಗೆ ಹೋಗಿ ಕೇಳಿದೆ. ಹಿಂದೆ ಜನರ ಗದ್ದಲ, ಯಾರೋ ಕುರ್ಚಿ ಎಳೆಯುವ ಸದ್ದು.

"ಅಪ್ಪ ನಿನ್ನೆ ಸಂಜೆ ಹೋದ್ರು. ನಾನಿದ್ದೆ. ನಾಳೆ ಬೆಳಗ್ಗೆ ಮೊದಲ್ನೇ ರೈಲಿಗೆ ಬರ್ತೀನಿ. ಪರೀಕ್ಷೆ ಬರೀತೀನಿ ಅಂತ ಅಮ್ಮನಿಗೆ ಮಾತು ಕೊಟ್ಟಿದೀನಿ. ಪೆನ್ಸಿಲ್ ಎಲ್ಲಿಟ್ನೋ ಸಿಕ್ತಿಲ್ಲ. ನನಗೊಂದು ಎತ್ತಿಟ್ಟಿರು."

ಎರಡು ಪೆನ್ಸಿಲ್ ಚೂಪು ಮಾಡಿ ಇಟ್ಟಿದ್ದೇನೆ.

ಏಪ್ರಿಲ್ 15, ಶನಿವಾರ. ಮಧ್ಯಾಹ್ನ, ಎರಡನೇ ಪೇಪರಿಗೆ ಮುಂಚೆ

ಪರೀಕ್ಷೆಯ ಕಾಲೇಜಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ಬೇಗ ಬೇಗ ಬರೆಯಬೇಕು. ಇದನ್ನು ಚೀಲದ ಜೊತೆ ಹೊರಗೇ ಬಿಡಬೇಕು.

ಬೆಳಿಗ್ಗೆ ಗೇಟು ಹಾಕಲು ಇನ್ನೇನು ಸ್ವಲ್ಪ ಇದೆ ಎನ್ನುವಾಗ ಬಂದಳು. ತೋಳಿಗೆ ಸೂತಕದ ಕಪ್ಪು ಬಟ್ಟೆ, ಬಿಳಿ ಶೂ. ಶಾವ್ ಮೇಡಂ ನಮಗೆ ಶುಭವಾಗಲೆಂದು ಕೆಂಪು ಕೋಟು ತೊಟ್ಟು ಗೇಟಿನಲ್ಲಿ ನಿಂತಿದ್ದರು. ಅವಳನ್ನು ಕಂಡದ್ದೇ ಕೋಟು ಬಿಚ್ಚಿ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ಒಳಗೆ ತೆಳ್ಳನೆಯ ಸ್ವೆಟರ್, ಗಾಳಿ ಜೋರಾಗಿತ್ತು.

"ಹಾಕ್ಕೊಳಿ ಮೇಡಂ. ಚಳಿ ಇದೆ," ಎಂದಳು ಗೂ ಲಾನ್.

ಅವರು ಹಾಕಿಕೊಳ್ಳಲಿಲ್ಲ.

ಒಂದೇ ಹಾಲ್. ಅವಳು ಕಿಟಕಿಯ ಸಾಲಿನಲ್ಲಿ, ನನಗಿಂತ ಮುಂದೆ. ಮೂರನೇ ಪ್ಯಾಸೇಜಿನಲ್ಲಿ ಒಮ್ಮೆ ತಲೆಯೆತ್ತಿದೆ. ಗಲ್ಲಕ್ಕೆ ಮುಷ್ಟಿ ಕೊಟ್ಟು ಓದುತ್ತಿದ್ದಳು. ತುಟಿ ಅಲುಗುತ್ತಿತ್ತು. ಆಮೇಲೆ ನಾನೂ ಓದಿದೆ. ಎಂದೂ ಓದದ ಹಾಗೆ ಓದಿದೆ.

ಹೊರಗೆ ಬಂದ ಮೇಲೆ ನನ್ನ ಬನ್ನಿನಲ್ಲಿ ಅರ್ಧ ತಿಂದಳು.

"ಮೂರನೇ ಪ್ಯಾಸೇಜು, ಕೊನೇದು?"

"ಸಿ."

"ಸಿ ನೇ. ಸರಿಯಾಗಿದೆ." ನೀರು ಕುಡಿದಳು. "ಆಸ್ಪತ್ರೆಯಲ್ಲಿ ದಿನಕ್ಕೆ ಅರ್ಧ ಗಂಟೆ ಬಿಡ್ತಾರೆ. ಎರಡು ಸಲ ಸಿಕ್ತು ನನಗೆ. ಕೈ ಬೆಚ್ಚಗಿತ್ತು. ಉಗುರಿನ ಸಂದೀಲಿ ಇನ್ನೂ ಮರದ ಪುಡಿ ಇತ್ತು, ನರ್ಸ್ ತೊಳೆದಿದ್ರೂ ಹೋಗಿರ್ಲಿಲ್ಲ."

"ಚಿಕ್ಕಮ್ಮ ಬೈದ್ರಾ?"

"ಯಾರು ಹೇಳಿದ್ದು ಅಂತ ಕೇಳಿದ್ರು. ಫೋಟೋ ನೋಡಿ ನಾನೇ ಊಹಿಸ್ದೆ ಅಂದೆ. ನಿನ್ನ ಹೆಸರು ಹೇಳ್ಲಿಲ್ಲ."

ಚೀಲದ ಜಿಪ್ ಎಳೆದು ಎದ್ದಳು. ಹೋಟೆಲಿಗೆ ಹೋಗಿ ಸ್ವಲ್ಪ ಮಲಗುತ್ತಾಳೇನೋ ಎಂದುಕೊಂಡೆ.

"ನಾನು ಹೊರಟೆ ಚಿಯು."

"ಎಲ್ಲಿಗೆ?"

"ಊರಿಗೆ. ಸಂಜೆ ಅಪ್ಪನ ಶವಪೆಟ್ಟಿಗೆ ಮುಚ್ತಾರೆ. ತಲೆ ಹತ್ರ ಮಗ ನಿಲ್ಬೇಕಂತೆ. ಮಗ ಇಲ್ವಲ್ಲ, ದೊಡ್ಡಪ್ಪನ ಮಗನನ್ನ ನಿಲ್ಲಿಸ್ತಾರಂತೆ. ಅವನು ಅಪ್ಪನ ಜೊತೆ ಸರಿಯಾಗಿ ಮಾತಾಡಿದ್ದೂ ನಾನು ನೋಡಿಲ್ಲ. ನಾನು ನಿಲ್ತೀನಿ."

"ಮ್ಯಾನೇಜ್‌ಮೆಂಟ್ ಇದೆ ಕಣೇ. ಎರಡೂ ಬರೀದಿದ್ರೆ ಲೆಕ್ಕಕ್ಕೇ ಇಲ್ಲ. ಮುಂದಿನ ವರ್ಷ ಇಲ್ಲ ನಮಗೆ."

"ಗೊತ್ತು."

"ಚಿಕ್ಕಮ್ಮನಿಗೆ ಮಾತು ಕೊಟ್ಟಿದೀಯ."

"ಪರೀಕ್ಷೆ ಬರೀತೀನಿ ಅಂದೆ. ಬರ್ದೆ. ಎಷ್ಟು ಪೇಪರ್ ಅಂತ ಅವರು ಕೇಳ್ಲಿಲ್ಲ."

ನಗಲು ಹೋದಳು, ಆಗಲಿಲ್ಲ. ಅವಳ ತೋಳು ಹಿಡಿದುಕೊಂಡೆ. ಕಪ್ಪು ಬಟ್ಟೆ ಕೈಗೆ ಸಿಕ್ಕಿತು, ಬಿಟ್ಟೆ. ಮೇಡಂ ಕಡೆ ನೋಡಿದೆ — ಅವರು ತಡೆಯುತ್ತಾರೆ, ಬೈಯುತ್ತಾರೆ, ಏನಾದರೂ ಮಾಡುತ್ತಾರೆ ಎಂದು. ಅವರು ರಸ್ತೆಗೆ ಇಳಿದು ಟ್ಯಾಕ್ಸಿಗೆ ಕೈ ಅಡ್ಡ ಹಾಕುತ್ತಿದ್ದರು.

ಟ್ಯಾಕ್ಸಿ ಹೋಯಿತು. ಮೇಡಂ ಅಲ್ಲೇ ಇನ್ನೂ ನಿಂತಿದ್ದಾರೆ.

ಮೊದಲ ಬೆಲ್.

ಹೇಳಿದ್ದು ಸರಿಯಾಯಿತಾ ಎಂದು ಅವಳನ್ನು ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ನಾನು ಹೇಳದೆ ಇದ್ದಿದ್ದರೆ ಅವಳು ಈಗ ಇಲ್ಲೇ ಪಕ್ಕದಲ್ಲಿ ಕೂತು ಬನ್ನಿನ ಇನ್ನರ್ಧ ತಿನ್ನುತ್ತಿದ್ದಳು. ಒಳಗೆ ಹೋಗಿ ಬರೆಯುತ್ತಿದ್ದಳು. ಪಾಸೂ ಆಗುತ್ತಿದ್ದಳು. ಇವತ್ತು ಸಂಜೆಯವರೆಗೂ ಅವಳ ಮಟ್ಟಿಗೆ ಅಪ್ಪ ಇರುತ್ತಿದ್ದರು. ಅದನ್ನು ನಾನು ಕಿತ್ತುಕೊಂಡೆನಾ, ಅಥವಾ — ಎರಡನೇ ಬೆಲ್.